ಬುಷ್ ಡಬ್ಬದಲ್ಲಿ ಚಿಟಿಕೆ ಕುಂಕುಮ

ಅನುಮಾನಪಡುವುದಕ್ಕೂ ಸಂಬಳ ಕೊಡುತ್ತಾರೆಂಬುದು ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು. ರವೀಂದ್ರನಗರದ ನಮ್ಮ ಮನೆಯಲ್ಲಿ ಆ ಕೆಲಸವನ್ನು ನನ್ನ ಹೆಂಡತಿ ಬಿಟ್ಟಿಯಾಗಿಯೇ ಮಾಡುತ್ತಿದ್ದಳು. ಹಾಲಿನವನ ನೀರು, ತರಕಾರಿಯವನ ತಕ್ಕಡಿ, ತಡವಾಗಿ ಬಂದ ನನ್ನ ಮುಖ, ಯಾವುದೂ ಅವಳ ತಪಾಸಣೆಯಿಂದ ಪಾರಾದದ್ದಿಲ್ಲ. ಅಂಥವಳನ್ನು ಬಿಟ್ಟು ಕಂಪನಿ ನನ್ನನ್ನು ಭದ್ರತಾ ಅಧಿಕಾರಿ ಮಾಡಿತು. ಸ್ಕೂಟರಿಗೆ ಬೀಗ ಹಾಕಲು ಮರೆಯುವ ನನ್ನನ್ನು! ಶಿವಮೊಗ್ಗದಿಂದ ಅಮೆರಿಕಕ್ಕೆ ಯಂತ್ರದ ಭಾಗ ಕಳಿಸುವ ಕಂಪನಿ ನಮ್ಮದು. ಅಲ್ಲಿ ಲಕೋಟೆಯೊಳಗೆ ವಿಷದ ಪುಡಿ ಬಂತೆಂದು ಜನ ಟಪಾಲು ಮುಟ್ಟಲೂ ಹೆದರುತ್ತಿದ್ದ ಕಾಲ ಅದು. ನಮಗೆ ಸಣ್ಣಪುಟ್ಟ ಸಾಮಾನು ಮಾಡಿಕೊಡುವವರ ಶೆಡ್ಡುಗಳಿಗೆ ಗೇಟು, ಬೀಗ, ಸೀಲು ಇದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂತು.

ಭದ್ರಾವತಿ ಹಳೇ ನಗರದ ಗಿರಿಜಮ್ಮ ನಮಗೆ ಬುಷ್ ಎಂಬ ಕಬ್ಬಿಣದ ಬಳೆ ಮಾಡಿಕೊಡುತ್ತಿದ್ದರು. ಕಾರ್ಖಾನೆಯ ಕೆಲಸ ಕಳೆದುಕೊಂಡ ಗಂಡ ಲೇತಿನಲ್ಲಿ ಕಡೆದರೆ, ಇವರು ಒರೆಸಿ ಡಬ್ಬಕ್ಕೆ ತುಂಬುವರು. ನಮ್ಮ ಆರ್ಡರೊಂದೇ ಆ ಮನೆಯ ಅನ್ನ. ನಾನು ಹೇಳಿದಂತೆ ಗೇಟು ಹಾಕಿಸಿದರು, ಸೀಲು ಒತ್ತಿದರು. ನಾನೂ ನೂರಕ್ಕೆ ನೂರು ಅಂಕ ಕೊಟ್ಟು ಬೀಗಿದೆ. ಆಮೇಲೆ ಆಯುಧ ಪೂಜೆ ಬಂತು.

ಗಿರಿಜಮ್ಮ ಸೀಲು ಒತ್ತಿದ ಡಬ್ಬವನ್ನು ನಾವು ತೆರೆಯದೆ ಹಾಗೇ ಕಳಿಸಿದ್ದೆವು; ಅಮೆರಿಕದ ಗಿರಾಕಿ ತೆರೆದರೆ ಬುಷ್‌ಗಳ ಮೇಲೆ ಒಣಗಿದ ಹೂವು, ಕೆಂಪು ಪುಡಿ! ಗೋದಾಮು ಖಾಲಿ ಮಾಡಿಸಿ, ಮುಸುಕು ಹಾಕಿದವರನ್ನು ಕರೆಸಿ, ನಮ್ಮ ಸೇವಂತಿಗೆಯನ್ನು ಇಕ್ಕಳದಲ್ಲಿ ಎತ್ತಿದರಂತೆ. ಅಪಾಯವಿಲ್ಲವೆಂದು ಗೊತ್ತಾದ ಮೇಲೂ, ಸೀಲ್ ಮಾಡಿದ ಡಬ್ಬದೊಳಗೆ ಅದು ಹೋದದ್ದು ಹೇಗೆ ಎಂದು ನಮ್ಮ ಜುಟ್ಟು ಹಿಡಿದರು. ನಾನು ಭದ್ರಾವತಿಗೆ ಓಡಿದೆ.

"ಮೊದಲ್ನೇ ಡಬ್ಬಕ್ಕೆ ನಾನೇ ಹಾಕಿದ್ದು ಸಾರ್, ಮಾಲು ಸುಸೂತ್ರ ಮುಟ್ಲಿ ಅಂತ" ಎಂದರು ಗಿರಿಜಮ್ಮ. "ಯಾಕೆ, ಅದನ್ನ ತಿಂದ್ರಾ ಅವ್ರು?"

"ತಿನ್ಲಿಲ್ಲ ಗಿರಿಜಮ್ಮ, ಹೆದರ್ಕೊಂಡ್ರು."

"ಅಯ್ಯೋ ಶಿವನೇ! ಚಿಟಿಕೆ ಕುಂಕುಮಕ್ಕಾ? ಆಯ್ತು, ಇನ್ಮೇಲೆ ಹಾಕಲ್ಲ ಬಿಡಿ. ಆರ್ಡರ್ ಮಾತ್ರ ತಪ್ಪಿಸ್ಬೇಡಿ ಸಾರ್."

ಮ್ಯಾನೇಜರಿಗೆ ಅದನ್ನೇ ಹೇಳಿದೆ. "ಭದ್ರತೆ ವಿಷ್ಯದಲ್ಲಿ ಸೆಂಟಿಮೆಂಟ್ ಬೇಡ ಕಣ್ರೀ" ಎಂದರು. ಆರ್ಡರು ರದ್ದಾಯಿತು. ಕಾರಣ ಬರೆದುಕೊಟ್ಟವನು ನಾನೇ. ಅವತ್ತು ಊಟ ಸೇರಲಿಲ್ಲ; ಹೆಂಡತಿ ಅದಕ್ಕೂ ಅನುಮಾನಪಟ್ಟಳು.

ಕೆಲವು ದಿನಗಳಲ್ಲಿ ನಮ್ಮ ಗೇಟಿಗೆ ಕ್ಯಾಮೆರಾ ಬಂತು. ರಾಹುಕಾಲ ಕಳೆಯುವ ತನಕ ಮ್ಯಾನೇಜರು ಸ್ವಿಚ್ಚು ಮುಟ್ಟಲು ಬಿಡಲಿಲ್ಲ. ಭಟ್ಟರು ಬಂದರು, ಕಾಯಿ ಒಡೆದರು. ಏಣಿ ಹತ್ತಿ ಕ್ಯಾಮೆರಾಕ್ಕೆ ಕುಂಕುಮ ಹಚ್ಚುವ ಗೌರವ ಭದ್ರತಾ ಅಧಿಕಾರಿಗೆ. ಏಣಿ ಅಲುಗಿ, ಬೆರಳು ನೇರ ಗಾಜಿಗೇ ಬಿತ್ತು. ತಿರುಗಿದರೆ ಗೇಟಿನಾಚೆ ಗಿರಿಜಮ್ಮ. ಕಂಪನಿಯ ಅಳತೆ ಸಾಮಾನು ಹಿಂದಿರುಗಿಸಲು ಬಂದಿದ್ದರು. ನನ್ನ ಕೈಯನ್ನೂ ಕ್ಯಾಮೆರಾವನ್ನೂ ನೋಡಿದರು. ಬೈಯಲಿ ಎಂದು ಕಾದೆ.

"ಹುಷಾರು ಸಾರ್, ಬಿದ್ದೀರಿ" ಎಂದಷ್ಟೇ ಹೇಳಿ, ಸಾಮಾನನ್ನು ಕಾವಲುಗಾರನ ಕೈಗಿಟ್ಟು ಬಸ್ಸಿಗೆ ನಡೆದರು.

ನಾಚಿಕೆಯಿಂದ ಕೆಳಗಿಳಿದು ಕ್ಯಾಮೆರಾದ ಕಪ್ಪು-ಬಿಳುಪು ಪರದೆ ನೋಡಿದೆ. ಗಿರಿಜಮ್ಮ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ; ಇದ್ದದ್ದು ದೊಡ್ಡದೊಂದು ಕರಿ ಬೊಟ್ಟು. ಒರೆಸಲು ಕರವಸ್ತ್ರ ತೆಗೆದರೆ ಮ್ಯಾನೇಜರು ಕೈಮುಗಿದುಕೊಂಡೇ, "ಇರ್ಲಿ ಬಿಡ್ರೀ, ಇವತ್ತೊಂದಿನ ಒರೆಸಬಾರ್ದು" ಎಂದರು. ಒರೆಸಲಿಲ್ಲ. ಅಂದಿನ ಭದ್ರತಾ ವರದಿಯಲ್ಲಿ "ಗೇಟಿನಲ್ಲಿ ಯಾವ ಲೋಪವೂ ಕಂಡುಬಂದಿಲ್ಲ" ಎಂದು ಬರೆದು ರುಜು ಹಾಕಿದೆ.