ಜೇಬಿನ ಪ್ಯಾಂಟೂ ಅಮ್ಮನ ಅರಿಶಿನವೂ

ನಾನು ಬಿಳಿ ಬಟ್ಟೆ ಹಾಕ್ಕೊಂಡ ದಿನ ಏನೂ ಎಡವಟ್ಟಾಗದಿದ್ದರೆ, ಅವತ್ತು ಮನೆಯಿಂದ ಹೊರಟೇ ಇಲ್ಲ ಅಂತ ಅರ್ಥ. ವಾರವೆಲ್ಲ ಅಮೆರಿಕದ ಓಕ್ಲ್ಯಾಂಡಿನ ಕಂಟೇನರ್ ಕಂಪನಿಯೊಂದರಲ್ಲಿ ಫೋನಿಗೆ ಉತ್ತರ ಕೊಡೋ ನಾನು, ತಿಂಗಳಿಗೊಂದು ವೀಕೆಂಡು ನೌಕಾಪಡೆಯ ರಿಸರ್ವ್ ಸೇಲರು. ಬಿಳಿ ಬಟ್ಟೆಯ ಸಹವಾಸ ಅಲ್ಲಿಂದ ಶುರುವಾಯ್ತು.

೧. ಗೆಜ್ಜೆ

ನಮ್ಮ ಯೂನಿಟ್ಟಲ್ಲಿ ಹೆಂಗಸರ ಹಳೇ ಪ್ಯಾಂಟಿಗೆ ಜೇಬು ಅಂತ ಇದ್ದಿದ್ದು ಬರೀ ಹೊಲಿಗೆ. ಬೆರಳೂ ಒಳಗೆ ಹೋಗಲ್ಲ. ಒಂದಿನ ಕೀ ಗೊಂಚಲನ್ನ ಸಾಕ್ಸಿಗೆ ಸಿಕ್ಕಿಸ್ಕೊಂಡು ಕವಾಯತಿಗೆ ನಿಂತೆ. 'ಮಾರ್ಚ್' ಅಂದರು ನೋಡಿ, ಝಲ್ ಝಲ್ ಝಲ್!

ಕಮಾಂಡರ್ ಸಾಹೇಬರು ಎಲ್ಲರನ್ನೂ ನಿಲ್ಲಿಸಿದರು. "ಗಂಟೆ ಕಟ್ಕೊಂಡು ಬಂದಿರೋರು ಯಾರು?"

ಎಂಟು ವರ್ಷ ಭರತನಾಟ್ಯ ಕಲಿತು ಅರ್ಧಕ್ಕೆ ಬಿಟ್ಟವಳು ನಾನು. ನನ್ನ ರಂಗಪ್ರವೇಶ ಕೊನೆಗೂ ಹಾಗಾಯ್ತು.

೨. ಅಳತೆ

ಅಷ್ಟರಲ್ಲಿ ಹೊಸ ಯೂನಿಫಾರ್ಮಿನ ಎರಡು ಸ್ಯಾಂಪಲ್ಲು ಬಂದವು. ನಾವು ಆರು ಜನ ಹೆಂಗಸರು ಎರಡನ್ನೂ ನಮ್ಮ ನಮ್ಮ ಅಳತೆಗೆ ತರಿಸಿ, ಹಾಕಿ, ಒಗೆದು, ಯಾವುದು ಬೇಕು ಅಂತ ಹೇಳಬೇಕು. 'ಎ' ಫಳಫಳ ಹೊಳೆಯುತ್ತೆ, ಜೇಬಿಲ್ಲ. 'ಬಿ' ಸ್ವಲ್ಪ ಮಂಕು, ಆದರೆ ಅಂಗೈ ಪೂರ್ತಿ ಮುಳುಗೋ ಜೇಬು! ಸಾಹೇಬರ ಮನಸ್ಸು 'ಎ' ಮೇಲೆ. ನನಗೆ ಏನಾದರಾಗಲಿ, ಜೇಬು ಬೇಕೇ ಬೇಕು.

ಡ್ಯಾನ್‌ವಿಲ್‌ನ ಮನೇಲಿ ಅಳತೆಯ ಫಾರಮ್ಮು ತುಂಬ್ತಾ ಕೂತಿದ್ದೆ. ಅಮ್ಮ ಇಣುಕಿ ನೋಡಿ, "ಎರಡು ಸೈಜು ದೊಡ್ಡದು ಬರಿ. ಬೆಳೀತೀಯ" ಅಂದರು.

"ನಂಗೆ ನಲವತ್ತೊಂದು ವರ್ಷ ಅಮ್ಮಾ!"

"ಬೆಳೆಯೋದು ಅಂದ್ರೆ ಉದ್ದಕ್ಕೇ ಬೆಳೀಬೇಕಾ?"

೩. ಹಳದಿ

ತೀರ್ಮಾನದ ಮೀಟಿಂಗಲ್ಲಿ ಮೂರು ಓಟು 'ಎ'ಗೆ, ಮೂರು 'ಬಿ'ಗೆ. ಉಳಿದಿದ್ದು ಸಾಹೇಬರ ಓಟೊಂದೇ. ನನ್ನ ಜೇಬು ಹೋಯ್ತು ಅಂತಲೇ ಅಂದ್ಕೊಂಡೆ. ಅವರು ನನ್ನ 'ಎ' ಅಂಗೀನ ಎತ್ತಿ, ಹೊಳಪು ತೋರಿಸೋಕೆ ಅಂತ ಕಾಲರ್ ಮಗುಚಿದರು. ಅಡಿಯಲ್ಲಿ ಹಳದಿ ಬೊಟ್ಟು!

"ಏನಿದು?"

ಅಲ್ಲೇ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಯೂನಿಫಾರ್ಮಿಗೆ ಅರಿಶಿನ ಹಚ್ಚಿದ್ಯಾ?"

"ಮತ್ತೆ? ಹೊಸ ಬಟ್ಟೇನ ಹಾಗೇ ಹಾಕ್ಕೋತಾರಾ? ಎರಡಕ್ಕೂ ಹಚ್ಚಿದೀನಿ. ನಾನು ಭೇದ ಮಾಡಿಲ್ಲಪ್ಪ."

ಎರಡಕ್ಕೂ! ತಕ್ಷಣ ಸಾಹೇಬರಿಗೆ ವಿಷಯ ಹೇಳಿ, 'ಬಿ' ಅಂಗಿಯ ಕಾಲರ್ ಮಗುಚಿದೆ. ಸಾಹೇಬರು ಕಿಟಕಿ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದರು. ಅದೇ ಅರಿಶಿನ, ಅದೇ ವಾಷಿಂಗ್ ಮಷೀನು, ಆದರೆ ಒಂದು ಚುಕ್ಕೆ ಕಲೆ ಇಲ್ಲ.

"ಕಾಫಿ, ಗ್ರೀಸು ಎಲ್ಲದರ ಪರೀಕ್ಷೆಯಲ್ಲೂ ಎರಡೂ ಪಾಸಾಗಿದ್ದವು. ಈ ಪರೀಕ್ಷೆ ಯಾವ ಲ್ಯಾಬಲ್ಲಿ ಮಾಡಿಸಿದ್ರಿ?"

"ಡ್ಯಾನ್‌ವಿಲ್‌ನಲ್ಲಿ ಸರ್. ನಮ್ಮ ದೇವರ ಮನೇಲಿ."

ಅವರ ಓಟು 'ಬಿ'ಗೆ ಬಿತ್ತು. ನಾನು ಗೆದ್ದೆ ಕಣ್ರೀ, ಗೆದ್ದೆ! 'ಬಿ' ಪ್ಯಾಂಟು ಹಾಕ್ಕೊಂಡು, ಪಾರ್ಕಿಂಗ್ ಲಾಟಿನವರೆಗೆ ಎರಡೂ ಕೈ ಜೇಬಲ್ಲಿಟ್ಕೊಂಡೇ ನಡೆದೆ.

೪. ಆರ್ಡರು

ಹೊಸ ಯೂನಿಫಾರ್ಮು ಎಲ್ಲರಿಗೂ ಬಂತು, ಗಂಡಸರಿಗೂ ಅದೇ ಬಟ್ಟೇಲಿ. ಹಂಚೋ ದಿನ ಮನೆಯವರಿಗೂ ಆಹ್ವಾನ ಇತ್ತು. ಅಮ್ಮ ರೇಷ್ಮೆ ಸೀರೆ ಉಟ್ಟು, ಬೆಳ್ಳಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದರು. ಅರಿಶಿನದ ಕಥೆ ಕೇಳಿದ್ದ ನಾವಿಕರೆಲ್ಲ ಮಡಿಸಿದ ಬಟ್ಟೆ ಹಿಡಿದು ಸಾಲಾಗಿ ನಿಂತರು. ಅಮ್ಮ ಒಬ್ಬೊಬ್ಬರ ಕಾಲರ್ ಅಡಿಗೂ ಬೊಟ್ಟಿಟ್ಟು, "ಚೆನ್ನಾಗಿರಪ್ಪಾ" ಅಂತ ಕಳಿಸಿದರು. ನನಗಂತೂ ಹೆಮ್ಮೆಗೆ ಕಣ್ಣು ತುಂಬಿಬಂತು.

ಕೊನೆಗೆ ಸಾಹೇಬರು ಬಂದರು. ಹೊಸ ಯೂನಿಫಾರ್ಮು ಆಗಲೇ ಮೈಮೇಲಿತ್ತು. ಬಗ್ಗಿ, ಕಾಲರ್ ಎತ್ತಿ ತೋರಿಸಿದರು.

ಅಮ್ಮ ಬೆರಳು ಹಿಂದಕ್ಕೆ ತಗೊಂಡರು. "ಹಾಕ್ಕೊಂಡ ಮೇಲೆ ಹಚ್ಚೋ ಹಾಗಿಲ್ಲ. ಬಿಚ್ಚಿ ಕೊಡೋಕೆ ಹೇಳೇ."

ಅದನ್ನೇ ಇಂಗ್ಲಿಷಲ್ಲಿ ಹೇಳಿದೆ. ಸಾಹೇಬರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, ಅಮ್ಮನಿಗೊಂದು ಸೆಲ್ಯೂಟ್ ಹೊಡೆದರು.

"ಯೆಸ್, ಮ್ಯಾಮ್!" ಅಂದವರೇ ಬಟ್ಟೆ ಬದಲಾಯಿಸೋಕೆ ಓಡಿದರು.