ನಿಂತೇ ಕುಡಿದ ಚಾ

ಕೈಗೆ ಕೋಲು ಬಂದರೆ ನನಗೆ ಏನಾದರೊಂದು ಫಜೀತಿ ತಪ್ಪಿದ್ದಲ್ಲ. ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು, ತಾಲೀಮಿನಲ್ಲಿ ಉಸ್ತಾದರು ನಗುತ್ತಿದ್ದರು.

೧

ತೊಂಬತ್ತರ ದಶಕ. ಮೂಡುಬಿದಿರೆಯವನಾದ ನಾನು ಮಸ್ಕತ್ತಿನ ಶಾಲೆಯೊಂದರಲ್ಲಿ ಗಣಿತ ಮಾಷ್ಟ್ರು. ಸಂಜೆಯಾದರೆ ಮಾತಾಡಲು ಕೋಣೆಯ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಶಾಲೆಯ ಬಸ್ಸಿನ ಡ್ರೈವರ್ ವಿಟ್ಲದ ಬ್ಯಾರಿ. ಅವರಿಗೆ ತಂದೆಯಿಂದ ಬಂದ ಕೋಲು ತಾಲೀಮು, ಅಂದರೆ ಕೋಲಿನಿಂದ ಕಾದಾಡುವ ವಿದ್ಯೆ, ಗೊತ್ತಿತ್ತು, ಹನ್ನೆರಡು ವರಸೆ. ಸಾಯುವುದರೊಳಗೆ ಒಬ್ಬರಿಗಾದರೂ ಕಲಿಸಬೇಕೆಂಬ ಚಿಂತೆ ಅವರನ್ನು ತಿನ್ನುತ್ತಿತ್ತು.

"ನಿಮಗೆ ಬೇರೆ ಯಾರೂ ಸಿಗಲಿಲ್ಲವಾ?" ಎಂದೆ.

"ಸಿಕ್ಕಿದ್ದರೆ ನಿಮ್ಮನ್ನು ಕೇಳ್ತಿದ್ದೆನಾ ಮಾಷ್ಟ್ರೇ?"

೨

ಹಾಗೆ ಬಸ್ಸಿನ ಡ್ರೈವರ್ ನನಗೆ ಉಸ್ತಾದರಾದರು, ನಾನು ಶಿಷ್ಯನಾದೆ. ಮೊದಲ ದಿನದ ಪಾಠ ಮುಗಿದು ಚಾ ಬಂತು. ಉಸ್ತಾದರು ಕೂರದೆ ಶಿಷ್ಯ ಕೂರಬಾರದು, ತಾಲೀಮಿನ ನಿಯಮ. ಮಾಷ್ಟ್ರು ನಿಂತಿರುವಾಗ ತಾನು ಕೂರಬಾರದು, ಇದು ಅವರ ಅಪ್ಪ ಕಲಿಸಿದ್ದು.

"ಕೂತುಕೊಳ್ಳಿ ಉಸ್ತಾದ್."

"ನೀವು ಕೂತುಕೊಳ್ಳಿ ಮಾಷ್ಟ್ರೇ."

ಚಾ ಆರಿತು. ಇಬ್ಬರೂ ಸೋಲಲಿಲ್ಲ. ಆಮೇಲೆ ನಾಲ್ಕು ವರ್ಷ ನಾವು ನಿಂತೇ ಚಾ ಕುಡಿದೆವು.

೩

ಮಾಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ವರಸೆಗಳನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಮೂರನೆಯದು ಮರೆತಾಗ ಪುಸ್ತಕ ತೆಗೆದೆ.

"ತೆಗೆಯಿರಿ ಮಾರಾಯ್ರೇ, ತೆಗೆಯಿರಿ," ಎಂದರು ಉಸ್ತಾದರು. "ಹೊಡೆಯಲಿಕ್ಕೆ ಬಂದವ ನೀವು ಪುಟ ತಿರುಗಿಸುವವರೆಗೆ ಕಾಯ್ತಾನೆ."

ನಾಲ್ಕು ವರ್ಷದಲ್ಲಿ ನನಗೆ ಹತ್ತಿದ್ದು ಏಳು ವರಸೆ. ಅಷ್ಟರಲ್ಲಿ ಅವರು ಊರಿಗೆ ಹೊರಟರು. "ಉಳಿದ ಐದನ್ನು ವಿಟ್ಲದಲ್ಲಿ ಹೇಳಿಕೊಡ್ತೇನೆ, ಬನ್ನಿ" ಎಂದರು.

೪

ನಾನೂ ಊರಿಗೆ ಬಂದೆ. ಮೂಡುಬಿದಿರೆಯಿಂದ ವಿಟ್ಲ ಎಷ್ಟು ದೂರ? ಆದರೂ ಇವತ್ತು ನಾಳೆ ಎಂದು ಎರಡು ವರ್ಷ ಕಳೆದೆ. ಕೊನೆಗೆ ಸುದ್ದಿ ಬಂತು, ಉಸ್ತಾದರಿಗೆ ಪಾರ್ಶ್ವವಾಯು, ಬಲಭಾಗ ಹೋಗಿದೆ, ಮಾತೂ ಹೋಗಿದೆ. ಬಂಟ್ವಾಳದಲ್ಲಿ ಬಸ್ಸು ಬದಲಿಸುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೋಲು ಹಿಡಿಯುತ್ತಿದ್ದ ಕೈ ಚಾದರದ ಮೇಲೆ ಸುಮ್ಮನೆ ಬಿದ್ದಿತ್ತು. ಆ ಐದು ವರಸೆ ಇನ್ನು ಯಾರಿಗೂ ಸಿಗುವುದಿಲ್ಲ ಎಂದು ಬಾಗಿಲಲ್ಲೇ ಗೊತ್ತಾಯಿತು. ಅಳು ಬಂತು.

"ಎರಡು ತಿಂಗಳಾಯ್ತು, ಬೆನ್ನು ಎತ್ತಿದ್ದಿಲ್ಲ," ಎಂದರು ಅವರ ಹೆಂಡತಿ. "ವ್ಯಾಯಾಮ ಮಾಡಿಸುವವರು ಬಂದರೆ ಕಣ್ಣು ಮುಚ್ಚಿ ಮಲಗ್ತಾರೆ. ನೀವು ಕೂತುಕೊಳ್ಳಿ."

"ಉಸ್ತಾದರು ಮಲಗಿರುವಾಗ ನಾನು ಕೂರುವುದು ಹೇಗೆ?" ಎಂದು ನಿಂತೇ ಇದ್ದೆ.

ಉಸ್ತಾದರು ನನ್ನನ್ನೇ ನೋಡಿದರು. ಎಡಗೈ ಮಂಚದ ಸರಳು ಹಿಡಿಯಿತು. ಬೆನ್ನು ಒಂದು ಗೇಣು ಎದ್ದು ಬಿತ್ತು. ಮತ್ತೆ ಎದ್ದಿತು. ಮಾಷ್ಟ್ರು ನಿಂತಿದ್ದಾರೆ, ತಾನು ಮಲಗಿದ್ದೇನೆ!

ನನಗೆ ಜೀವ ಬಾಯಿಗೆ ಬಂತು. ಅವರಿಗೆ ಕಷ್ಟವಾಗದಿರಲಿ ಎಂದು ಗಡಿಬಿಡಿಯಲ್ಲಿ ಸ್ಟೂಲಿನ ಮೇಲೆ ಕೂರಲು ಹೋದೆ. ಅವರ ಹೆಂಡತಿ ಸ್ಟೂಲನ್ನೇ ಎಳೆದುಕೊಂಡರು.

"ಕೂತರೆ ಜಾಗ್ರತೆ ಮಾಷ್ಟ್ರೇ! ನಿಂತೇ ಇರಿ. ಚಾ ಅಲ್ಲಿಗೇ ತರ್ತೇನೆ."