ಸೋಲಲೊಪ್ಪದ ಮಾವ

ನಮ್ಮ ಮಾವನನ್ನು ಮಾತಿನಲ್ಲಿ ಸೋಲಿಸಿದವರು ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ಒಬ್ಬರೂ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮೂಡಬಿದ್ರೆಯ ಶಾಲೆಯೊಂದರಲ್ಲಿ ನಾಟಕದ ಅಭ್ಯಾಸಕ್ಕೆ ಸೇರಿದ್ದವರು ನಾಲ್ವರು: ಮಾವ, ಅವರ ಮಗ ಶ್ರೀಧರ, ನಾಟಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಮಾಷ್ಟ್ರು, ಮರೆತ ಮಾತು ಪಿಸುಗುಟ್ಟಲು ಪುಸ್ತಕ ಹಿಡಿದು ಕುಳಿತ ನಾನು.

ಅಮೆರಿಕದ ಕಥೆ. ಊರೂರು ತಿರುಗಿ ಸರಕು ಮಾರುವ ಅಪ್ಪ, ಮಗ ದೊಡ್ಡ ಮನುಷ್ಯನಾಗುತ್ತಾನೆಂದು ನಂಬಿ ನಂಬಿ, ಕೆಲಸ ಕಳೆದುಕೊಂಡು, ಕೊನೆಗೆ ಸಾಯುತ್ತಾನೆ.

"ಅವ ಮಾರುವುದು ಏನು?" ಮಾವ ಕೇಳಿದರು.

"ಪುಸ್ತಕದಲ್ಲಿ ಹೇಳಿಲ್ಲ," ಎಂದರು ಮಾಷ್ಟ್ರು.

"ಮತ್ತೆ ಕೆಲಸ ಹೋಗದೆ ಉಂಟಾ?"

ಮಾವನೂ ಬೆಳ್ತಂಗಡಿ ಬಸ್ಸಿನಲ್ಲಿ ಸಾಬೂನಿನ ಚೀಲ ಹೊತ್ತು ತಿರುಗುವವರೇ. ಮಗ ವಕೀಲನಾಗುತ್ತಾನೆಂಬ ಸುದ್ದಿಯನ್ನೂ ಸಾಬೂನಿನ ಜೊತೆ ಅಂಗಡಿ ಅಂಗಡಿಗೆ ಹಂಚಿದ್ದರು. ಶ್ರೀಧರನೋ ಮೆಟ್ರಿಕ್ಕಿನಲ್ಲಿ ಎರಡು ಸಲ ಫೇಲು. ಅವನಿಗೆ ಬಸ್ಸು ಓಡಿಸುವ ಆಸೆ. ಹೇಳಿದಾಗಲೆಲ್ಲ ಮಾವ ವಾದಿಸಿ ಗೆಲ್ಲುತ್ತಿದ್ದರು. ಆ ಪಾತ್ರಗಳಿಗೆ ಮಾಷ್ಟ್ರು ಬೇರೆ ಯಾರನ್ನು ಹುಡುಕಬೇಕಿತ್ತು?

ತೊಡಕು ಒಂದೇ. ಮಾವ ತಾಳಮದ್ದಳೆಯಲ್ಲಿ, ಎಂದರೆ ವೇಷವಿಲ್ಲದೆ ಕೂತು ಆಡುವ ಯಕ್ಷಗಾನದಲ್ಲಿ, ಅರ್ಥ ಹೇಳಿ ಪಳಗಿದ ಜೀವ. ಅಲ್ಲಿ ಬರೆದಿಟ್ಟ ಮಾತಿಲ್ಲ. ಎದುರಿನವ ಒಂದು ಹೇಳಿದರೆ ಕೂತಲ್ಲೇ ಹತ್ತು ಹುಟ್ಟಿಸಬೇಕು. "ನೀವು ಹೇಳುವ ಮಗ ನಾನಲ್ಲ, ಅಪ್ಪ" ಎಂದು ಶ್ರೀಧರ ಹೇಳಿದೊಡನೆ ಮಾವ ಕುರ್ಚಿಯಲ್ಲಿ ಕುಸಿಯಬೇಕಿತ್ತು. ಅವರು ಎದ್ದು ನಿಂತರು. ದಶರಥನಿಂದ ಧೃತರಾಷ್ಟ್ರನವರೆಗೆ ಅಪ್ಪಂದಿರನ್ನೆಲ್ಲ ಸಾಕ್ಷಿಗೆ ಕರೆದು, ಕಾಲು ಗಂಟೆಯಲ್ಲಿ ಅಮೆರಿಕದ ಮಗನ ಬಾಯಿ ಮುಚ್ಚಿಸಿದರು.

ಮಾಷ್ಟ್ರು ತಲೆಗೆ ಕೈ ಹೊತ್ತರು. "ನೀವು ಸೋಲಬೇಕು ಮಾರಾಯ್ರೆ. ಆಮೇಲೆ ಸಾಯ್ಲಿಕ್ಕುಂಟು."

"ಗೆದ್ದವ ಯಾಕೆ ಸಾಯುವುದು? ಇವನ ಹತ್ರ ಉತ್ತರ ಉಂಟಾದರೆ ಹೇಳಲಿ, ಈಗಲೇ ಸಾಯ್ತೇನೆ."

"ದಶರಥ ಸತ್ತದ್ದು ಮಗನಿಗಾಗಿಯೇ ಅಲ್ವಾ?"

"ಅವನದ್ದು ಎದುರು ಮಾತಾಡದ ಮಗ ಮಾಷ್ಟ್ರೇ."

ಪ್ರದರ್ಶನದ ಮಧ್ಯಾಹ್ನವೂ ಅದೇ. ಸಭೆ ತುಂಬಿತ್ತು, ಮಾವ ಧೃತರಾಷ್ಟ್ರನ ಹತ್ತಿರ ಬಂದಿದ್ದರು. ಆಗ ಶ್ರೀಧರ ಅಡ್ಡ ಬಾಯಿ ಹಾಕಿದ.

"ನೀವೇ ಗೆದ್ದಿರಿ, ಅಪ್ಪ. ದಿನಾ ನೀವೇ ಗೆಲ್ಲುವುದು. ಗೆದ್ದ ಮೇಲೆ ಒಮ್ಮೆಯಾದರೂ ನನ್ನ ಮುಖ ನೋಡಿದ್ದುಂಟಾ?"

ನಾನು ಗಡಿಬಿಡಿಯಲ್ಲಿ ಪುಟ ತಿರುವಿದೆ. ಆ ಮಾತು ಪುಸ್ತಕದಲ್ಲಿ ಇರಲಿಲ್ಲ. ಮಾವ ಮಗನ ಮುಖ ನೋಡಿದರು. ಮೆಲ್ಲನೆ ಕುರ್ಚಿ ಹಿಡಿದು ಕುಳಿತರು. ಮಾಷ್ಟ್ರು ಪರದೆ ಎಳೆಸಿದರು. ಸಾಯುವ ದೃಶ್ಯ ಆಡಲೇ ಇಲ್ಲ. ಸಭೆಯಲ್ಲಿ ಯಾರೂ ಕೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಮಾವ ಶ್ರೀಧರನನ್ನು ಕರೆದುಕೊಂಡು ಬಂಟ್ವಾಳಕ್ಕೆ ಹೋದರು. ಬಸ್ಸಿನ ಧಣಿಗಳ ಎದುರು ನಿಂತು, "ಇವ ನನ್ನ ಮಗ. ಬಸ್ಸು ಓಡಿಸಲು ಕಲಿಯಬೇಕಂತೆ," ಎಂದರು.